ಉರಿ ಗೊತ್ತಿತ್ತು, ಊತ ಗೊತ್ತಿರಲಿಲ್ಲ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬೆಳಗಿನ ಹೊತ್ತು ನನ್ನ ಕೈಗೆ ಬಗ್ಗದೆ ಹಟ ಹಿಡಿದಾಗ, ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಯಾವ ಹೆಂಡತಿಯಾದರೂ ಮಾಡುವಂತೆ ನಾನೂ ಗಂಡನನ್ನೇ ಅನುಮಾನಿಸಿದೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ನಟ್ಟು ಬೋಲ್ಟು ಬಿಗಿದು ಬಿಗಿದು ನಿವೃತ್ತರಾದ ಮನುಷ್ಯ. ಕೈ ಸುಮ್ಮನಿರಲಾರದೆ ನನ್ನ ಅಡುಗೆಮನೆಗೆ ಇಳಿದಿದ್ದಾರೆಂದು ತೀರ್ಮಾನಿಸಿದೆ.

“ಯಾಕ್ರೀ ಇಷ್ಟ್ ಬಿಗಿಯಾಗಿ ತಿರುಗಿಸ್ತೀರಾ? ಇದೇನ್ ಫ್ಯಾಕ್ಟರಿನಾ?”

“ನಾನ್ ಮುಟ್ಟೇ ಇಲ್ಲ ಕಣೇ.”

ಮುಟ್ಟಿಲ್ಲ ಎನ್ನುವವರನ್ನು ಯಾರಾದರೂ ನಂಬುತ್ತಾರೆಯೇ, ನೀವೇ ಹೇಳಿ.

ಎರಡು ತಿಂಗಳು ಈ ಮೊಕದ್ದಮೆ ನಡೆಯಿತು. ಈ ನಡುವೆ ಬಳೆ ಏರದಾದಾಗ ಬಳೆಯಂಗಡಿಯವನನ್ನು ಬೈದೆ. ಹನ್ನೊಂದು ಗಂಟೆಗೇ ಮೈ ಸೋತು ಮಂಚ ಹುಡುಕಿದಾಗ ಬಿಸಿಲನ್ನು ಬೈದೆ. ಸಂಜೆಯಾದರೆ ಸಣ್ಣಗೆ ಮೈ ಬೆಚ್ಚಗಾಗುತ್ತಿದ್ದುದಕ್ಕೆ ಬೈಯಲು ಯಾರೂ ಸಿಗದೆ ಬೇಸರಪಟ್ಟೆ. ದೇಹ ಇಷ್ಟು ಮೆತ್ತಗೆ ದೂರು ಹೇಳುತ್ತದೆಂದು ನನಗೇನು ಗೊತ್ತು? ನಮ್ಮ ಮನೆಯಲ್ಲಿ ದೂರೆಂದರೆ ಅಕ್ಕಪಕ್ಕದ ಮೂರು ಮನೆಗಾದರೂ ಕೇಳಿಸಬೇಕು.

ಒಂದು ಬೆಳಿಗ್ಗೆ ರವಿಕೆ ಬಟ್ಟೆ ಕೊಡಲು ಎದುರುಮನೆಯ ಶಮೀಮ್ ಹತ್ತಿರ ಹೋದೆ. ಆಕೆ ನಮ್ಮ ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಬಟ್ಟೆಯನ್ನು ಬಿಟ್ಟು ನನ್ನ ಕೈಯನ್ನೇ ನೋಡಿದಳು.

“ಅಕ್ಕಾ, ಎರಡೂ ಕೈನ ಗೆಣ್ಣು ಊದಿದೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟೋಕಾಗುತ್ತಾ?”

“ಹತ್ತು ಗಂಟೆ ಮೇಲೆ ಆಗುತ್ತೆ.”

“ನಮ್ ಅಮ್ಮಿಗೂ ಹಿಂಗೇ ಶುರುವಾಗಿದ್ದು. ವಯಸ್ಸಾಯ್ತಲ್ಲ ಅಂತ ಬಿಟ್ವಿ, ಬೆರಳೆಲ್ಲ ಸೊಟ್ಟಗಾಗೋಯ್ತು. ಇವತ್ತೇ ಡಾಕ್ಟರ್‌ಗೆ ತೋರಿಸಿ.”

ನನ್ನ ಬೆರಳುಗಳನ್ನು ನೋಡಿ ನನಗೇ ಭಯವಾದದ್ದು ಅದೇ ಮೊದಲು.

ಸಂಜಯನಗರದ ವೈದ್ಯೆ ಒಂದೊಂದೇ ಗೆಣ್ಣು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಎರಡು ದಿನದ ನಂತರ ಹೇಳಿದರು: “ಒಳಗೊಳಗೇ ಉರಿಯೂತ ಇದೆ, ಸಂಧಿವಾತದ ಶುರು. ಬೇಗ ಬಂದಿದ್ದೀರಿ, ಔಷಧಿಯಲ್ಲಿ ಹಿಡಿತಕ್ಕೆ ತರಬಹುದು.”

ನನ್ನ ಉರಿ ಇಡೀ ಬೀದಿಗೆ ಗೊತ್ತಿತ್ತು. ಊತ ಮಾತ್ರ ನನಗೂ ಗೊತ್ತಿರಲಿಲ್ಲ.

ಪಕ್ಕದಲ್ಲಿದ್ದ ನಮ್ಮವರು ಖುಲಾಸೆಯಾದ ಆರೋಪಿಯ ಗಾಂಭೀರ್ಯದಿಂದ ಕೇಳಿದರು: “ಡಾಕ್ಟ್ರೇ, ಮುಚ್ಚಳ ತೆಗೆಯೋಕಾಗ್ದೇ ಇರೋದೂ ಇದ್ರಿಂದ್ಲೇನಾ? ಸ್ವಲ್ಪ ಜೋರಾಗಿ ಹೇಳಿ.”

ವೈದ್ಯೆ ಜೋರಾಗಿಯೇ ಹೇಳಿದರು.

ವಿದ್ಯಾರಣ್ಯಪುರಕ್ಕೆ ಹಿಂದಿರುಗುವ ಬಸ್ಸಿನಲ್ಲಿ, ಎಂದೂ ನಾಲ್ಕು ಜನರೆದುರು ನನ್ನ ಕೈ ಹಿಡಿಯದವರು ಅದನ್ನೆತ್ತಿ ತಮ್ಮ ಅಂಗೈಯಲ್ಲಿಟ್ಟುಕೊಂಡರು.

“ಬಿಡ್ರೀ, ಜನ ನೋಡ್ತಾರೆ.”

“ಸುಮ್ನಿರು. ಊತ ನೋಡ್ತಿದ್ದೀನಿ,” ಎಂದರು, ಮುಖ ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡು.

ನಮ್ಮ ಸ್ಟಾಪ್ ಬರುವವರೆಗೂ ಆ ತಪಾಸಣೆ ಮುಗಿಯಲಿಲ್ಲ. ನಾನೂ ಅವಸರ ಮಾಡಲಿಲ್ಲ.