ಅತ್ತೆ ಕುದಿಸಿದ ಮೌತ್‌ಪೀಸ್

ಕಪ್ಪು ತುದಿ ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ವಾಲಿತ್ತು. ಮೂಗಿನ ಹತ್ತಿರ ಹಿಡಿದರೆ ಹುಣಸೆಹಣ್ಣು, ಬೆಂಕಿಕಡ್ಡಿ ಎರಡೂ ಸೇರಿದ ವಾಸನೆ. ಬೆಳಿಗ್ಗೆ ಕಪ್ಪಗೆ ಹೊಳೆಯುತ್ತಿದ್ದದ್ದು ಸಂಜೆಗೆ ಹಳೆಯ ಉಪ್ಪಿನಕಾಯಿಯ ಬಣ್ಣಕ್ಕೆ ಬಂದಿತ್ತು.

ಅದು ಕ್ಲಾರಿಯೊನೆಟ್ಟಿನ ಮೌತ್‌ಪೀಸ್. ವಾದ್ಯದ ನೆತ್ತಿಯಲ್ಲಿ ಕೂರುವ, ತುಟಿಗೆ ತಾಗುವ ಭಾಗ. ನನ್ನದಲ್ಲ, ರಿಪ್ಪನ್‌ಪೇಟೆಯ ಬ್ಯಾಂಡಿನ ಮಂಜಪ್ಪನವರದು. ಗುರುವಾರ ಅವರು ತೀರ್ಥಹಳ್ಳಿಯ ಒಂದು ಮದುವೆಗೆ ಊದಬೇಕಿತ್ತು. ನನಗೆ ಈ ದರ್ಶನವಾದದ್ದು ಸೋಮವಾರ ಸಂಜೆ.

ಸ್ವಂತ ವಿಷಯ ಬರೆಯುವ ಅಭ್ಯಾಸ ನನಗಿಲ್ಲ. ಈ ಪುಟವನ್ನು ವಾರವಾರವೂ ಓದುವವರಿಗೆ ಅದು ಗೊತ್ತು. (ಪರೀಕ್ಷೆ, ಬಸ್ಸು, ಸೀಮೆಎಣ್ಣೆ, ಇವುಗಳ ಹಿಂದೆ ನಿಂತು ಬರೆಯುವುದು ಎಷ್ಟು ಸುಖ!) ಆದರೆ ಋಣ ನೆನೆಯುವಾಗ ಮರೆಯಲ್ಲಿ ನಿಲ್ಲುವುದು ಸರಿಯಲ್ಲ. ಆದ್ದರಿಂದ ಈ ವಾರ ನನ್ನದೇ ಮನೆಯ ಸುದ್ದಿ.

ಮೈಸೂರಿನಲ್ಲಿ ಬಿ.ಎ. ಓದುವಾಗ ನಮ್ಮ ಹಾಸ್ಟೆಲಿನ ಹಿಂದಿನ ಮನೆಯಲ್ಲಿ ಯಾರೋ ಸಂಜೆಯ ಹೊತ್ತು ಕ್ಲಾರಿಯೊನೆಟ್ ಸಾಧನೆ ಮಾಡುತ್ತಿದ್ದರು. ಅವರ ಮುಖವನ್ನು ನಾನು ನೋಡಿಲ್ಲ. ಗಂಡಸೋ ಹೆಂಗಸೋ, ಅದೂ ತಿಳಿಯದು. ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿಯುತ್ತಿದ್ದರು. ಬಿಟ್ಟು, ಮತ್ತೆ ಅದನ್ನೇ ಹಿಡಿಯುತ್ತಿದ್ದರು. ಮಾತು ಕಡಿಮೆಯಿರುವವರಿಗೆ ಹೇಳಿ ಮಾಡಿಸಿದ ವಾದ್ಯ ಇದು ಎಂದು ಆಗಲೇ ಅನಿಸಿತ್ತು. ಬಾಯಿ ತುಂಬಿರುವಾಗ ಮಾತಾಡು ಎಂದು ಯಾರು ತಾನೇ ಒತ್ತಾಯಿಸುತ್ತಾರೆ?

ಈಗ ಸಾಗರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಹುಂಚದಿಂದ ನನ್ನ ಸೋದರತ್ತೆ ಬಂದು ಜೊತೆಗಿದ್ದಾರೆ. ಬಾಡಿಗೆ ಮನೆಯಲ್ಲಿ ಮಗಳೊಬ್ಬಳೇ ಇರುವುದುಂಟೇ ಎಂದು ಅಪ್ಪ ಕಳಿಸಿದ ಕಾವಲು. ಅತ್ತೆ ಬೇಡವೆಂದದ್ದು ನಮ್ಮ ಮನೆಯಲ್ಲಿ ನಡೆದ ಉದಾಹರಣೆಯೇ ಇಲ್ಲ. ಅಪ್ಪನೂ ಅಕ್ಕನ ಮಾತು ಮೀರುವವರಲ್ಲ.

ಕ್ಲಾರಿಯೊನೆಟ್ ಕೊಳ್ಳಬೇಕೆಂದಿದ್ದೇನೆ ಎಂದು ಒಂದು ದಿನ ಧೈರ್ಯ ಮಾಡಿ ಹೇಳಿದೆ.

"ಮದುವೆ ಮನೆಲಿ ಊದ್ತಾರಲ್ಲ, ಅದಾ?"

"ಅದೇ ಅತ್ತೆ."

"ಹೆಣ್ಣುಮಕ್ಕಳು ಊದ್ತಾರಾ?"

"ನಾನು ಯಾರನ್ನೂ ನೋಡಿಲ್ಲ."

ಅತ್ತೆ ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಈ ಮೌನಕ್ಕೆ ಏನರ್ಥ? ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಇದ್ದರೆ ನನ್ನ ಕಷ್ಟ ನಿಮಗೆ ಗೊತ್ತು. ಕೆಲವು ತಿಂಗಳು ಕಾದು, ಅರ್ಥ ತಿಳಿಯದೆಯೇ ನಾನು ಶಿವಮೊಗ್ಗದ ವಾದ್ಯದ ಅಂಗಡಿಗೆ ಬರೆದೆ. ಅವರು ಎರಡು ಕ್ಲಾರಿಯೊನೆಟ್, ಎರಡು ಮೌತ್‌ಪೀಸ್ ಬಸ್ಸಿನಲ್ಲಿ ಕಳಿಸಿಕೊಟ್ಟರು. ಮೆಚ್ಚಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಬಹುದಂತೆ. (ಮುಖ ನೋಡದವಳನ್ನು ಇಷ್ಟು ನಂಬಿದ ಆ ಅಂಗಡಿಯವರಿಗೂ ಇಲ್ಲಿಂದಲೇ ಒಂದು ನಮಸ್ಕಾರ.)

ಎರಡು ವಾದ್ಯಗಳಲ್ಲಿ ಒಂದು ಹೊಸ ಮಾದರಿಯದು. ರಂಧ್ರಗಳಿಗೆ ಬೆಳ್ಳಿಯಂತೆ ಹೊಳೆಯುವ ಉಂಗುರಗಳು, ಮೈತುಂಬ ಬೆರಳಲ್ಲಿ ಒತ್ತುವ ಕೀಗಳು. ಇನ್ನೊಂದು ಹಳೆಯ ಮಾದರಿ. ಕೀಗಳು ಕಡಿಮೆ, ರಂಧ್ರಗಳು ಕೊಳಲಿನ ಹಾಗೆ ಬರಿದಾಗಿ ತೆರೆದಿದ್ದವು. ಮೌತ್‌ಪೀಸ್ ಒಂದು ಎಬೊನೈಟಿನದು, ಎಂದರೆ ಗಟ್ಟಿ ಮಾಡಿದ ಕಪ್ಪು ರಬ್ಬರಿನದು. ಮತ್ತೊಂದು ಗಾಜಿನದು. ಉಂಗುರದ ವಾದ್ಯ, ಎಬೊನೈಟ್ ಮೌತ್‌ಪೀಸ್ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಹೊಳೆಯುವುದನ್ನು ಬಿಟ್ಟು ಹಳತನ್ನು ಯಾರು ಕೊಳ್ಳುತ್ತಾರೆ? ಆದರೂ ಬಲ್ಲವರಿಗೆ ಒಮ್ಮೆ ತೋರಿಸೋಣವೆಂದು ಮಂಜಪ್ಪನವರಿಗೆ ಹೇಳಿಕಳಿಸಿದೆ.

ಭಾನುವಾರ ಬಂದರು. ಜಗಲಿಯಲ್ಲಿ ಕೂತು ಎರಡೂ ವಾದ್ಯದಲ್ಲಿ ಮೋಹನ ರಾಗವನ್ನೇ ಊದಿದರು.

"ಹೊಸಾದು ಸಲೀಸು ಟೀಚರಮ್ಮ. ಬೆರಳಿಟ್ರೆ ಸ್ವರ ತಾನಾಗೇ ಬರ್ತದೆ. ಆದ್ರೆ ಒಂದ್ರಿಂದ ಇನ್ನೊಂದಕ್ಕೆ ಜಾರಕ್ಕೆ ಬಿಡಲ್ಲ. ಹಳೇದ್ರಲ್ಲಿ ಬೆರಳನ್ನ ಮೆಲ್ಲಗೆ ಸರಿಸ್ಬೋದು, ನೋಡಿ..."

ಅವರು ತೋರಿಸುವಷ್ಟರಲ್ಲಿ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು.

"ಮೊದಲನೇದು ಪಾಠ ಒಪ್ಪಿಸ್ತದೆ. ಎರಡನೇದು ಹಾಡ್ತದೆ."

ಮಂಜಪ್ಪನವರು ಬಾಗಿಲ ಕಡೆ ಕತ್ತು ತಿರುಗಿಸಿದರು. "ಅದ್ಯಾರು ಒಳಗೆ?"

"ನಮ್ಮ ಅತ್ತೆ."

"ಇವ್ರನ್ನ ಮನೇಲಿಟ್ಕೊಂಡು ನನ್ನ ಯಾಕ್ರೀ ಕರೆಸಿದ್ರಿ? ಭಾನ್ವಾರದ ನಿದ್ದೆನಾದ್ರೂ ಉಳೀತಿತ್ತು!"

ಅಲ್ಲಿಗೆ ಉಂಗುರದ ವಾದ್ಯ ಪೆಟ್ಟಿಗೆ ಸೇರಿತು. ಉಳಿದದ್ದು ಮೌತ್‌ಪೀಸ್. ಗಾಜಿನದನ್ನು ಅವರು ಬೆಳಕಿಗೆ ಹಿಡಿದು ನಕ್ಕರು. "ಇದು ಬೀರುವಿನಲ್ಲಿ ಇಡೋ ಸಾಮಾನು, ಊದೋದಲ್ಲ." ಅದರಲ್ಲೂ ಅಂಗಡಿಯ ಎಬೊನೈಟಿನಲ್ಲೂ ಒಂದೊಂದು ಸಲ ಊದಿ ಕೆಳಗಿಟ್ಟರು. "ನನ್ನ ಬಾಯಿಗೆ ಹೊಂದಿದ್ದು ನಿಮ್ಮ ಬಾಯಿಗೆ ಹೊಂದ್ಬೇಕು ಅಂತಿಲ್ಲ. ನೀವೇ ಊದಿ ನೋಡ್ಬೇಕು." ಆಮೇಲೆ ತಮ್ಮ ವಾದ್ಯದ ಮೌತ್‌ಪೀಸನ್ನೇ ಕಳಚಿ ಕೈಗಿತ್ತರು. "ಪಳಗಿದ್ದು ಹೆಂಗಿರ್ತದೆ ಅಂತ ಗೊತ್ತಾಗ್ಲಿ. ಮಂಗಳವಾರ ಬಸ್ಸಿಗೆ ಕೊಟ್ಟು ಕಳಿಸಿ. ಗುರುವಾರ ಮದುವೆಗೆ ಬೇಕು."

ವರ್ಷಗಟ್ಟಲೆ ಪಳಗಿಸಿದ್ದನ್ನು ಅಂದೇ ಕಂಡವಳಿಗೆ ಕೊಟ್ಟು ಹೋಗುವುದೆಂದರೇನು! ನಾನು ಧನ್ಯವಾದ ಹೇಳುವಷ್ಟರಲ್ಲಿ ಅವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ಮೂರನ್ನೂ ಒಂದು ತಟ್ಟೆಯಲ್ಲಿಟ್ಟೆ. ಎದುರಿಗೆ ಕೂತೆ. ಬಾಯಿಗೆ ಮಾತ್ರ ಇಡಲಿಲ್ಲ.

ಚಿಕ್ಕಂದಿನಲ್ಲಿ ಸೀಬೆಹಣ್ಣನ್ನು ಲಂಗದ ಅಂಚಿನಿಂದ ಮುಚ್ಚಿ ಕಚ್ಚಿ, 'ಕಾಗೆ ಎಂಜಲು' ಮಾಡಿ ಹಂಚಿಕೊಂಡವರು ನಾವು. ಬಟ್ಟೆ ನಡುವೆ ಇದ್ದರೆ ಎಂಜಲಲ್ಲ ಎಂಬುದು ಮಕ್ಕಳ ಕಾನೂನು. ಮೌತ್‌ಪೀಸಿಗೆ ಯಾವ ಬಟ್ಟೆ ಮುಚ್ಚುವುದು? ಬಿ.ಎ. ಓದಿದವಳಿಗೆ ಈ ಅಳುಕು ಇರಬಾರದು. ಇತ್ತು. ನಾಳೆ ನೋಡೋಣ ಎಂದು ಎದ್ದೆ.

ಅತ್ತೆ ತಟ್ಟೆಯ ಹತ್ತಿರ ಬಂದು ಬಗ್ಗಿ ನೋಡಿದರು. "ಇದು ಎಂತದ್ದು? ಕೊಂಬಾ?"

"ಅಲ್ಲ ಅತ್ತೆ, ರಬ್ಬರು."

"ರಬ್ಬರು ಅಂದ್ರೆ ಮರದ ಹಾಲಲ್ವಾ?"

"ಹೌದು."

"ಹಾಗಾದ್ರೆ ದೋಷ ಇಲ್ಲ."

ಈ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನಗೆ ಹೊಳೆಯಬೇಕಿತ್ತು. ನಮ್ಮ ಜೈನರ ಮನೆಗಳಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯುವುದು. ಕುದಿದದ್ದೆಲ್ಲ ಶುದ್ಧ ಎಂಬ ನಂಬಿಕೆಯಲ್ಲಿ ಅತ್ತೆ ಬೆಳೆದವರು. ಸೋಮವಾರ ನಾನು ಶಾಲೆಯಲ್ಲಿ ಎಬೊನೈಟಿನ ಚಿಂತೆಯಿಲ್ಲದೆ ವ್ಯಾಕರಣ ಹೇಳುತ್ತಿದ್ದಾಗ, ಮನೆಯಲ್ಲಿ ಮೂರೂ ಮೌತ್‌ಪೀಸುಗಳು ಊದಿದಾಗ ಅದುರುವ ಜೊಂಡಿನ ಪಟ್ಟಿಯ (ರೀಡಿನ) ಸಮೇತ ಹುಣಸೆಹಣ್ಣಿನ ನೀರಿನಲ್ಲಿ ಕುದಿಯುತ್ತಿದ್ದವು.

ಸಂಜೆ ಬಂದಾಗ ಅವು ಹಿತ್ತಾಳೆ ತಟ್ಟೆಯಲ್ಲಿ, ಮಡಿ ಬಟ್ಟೆಯ ಮೇಲೆ ಒಪ್ಪವಾಗಿ ಕೂತಿದ್ದವು. ಅತ್ತೆ ಪಕ್ಕದಲ್ಲೇ ಕಾಯುತ್ತಿದ್ದರು.

"ತೊಳೆದಿಟ್ಟಿದೀನಿ ಮಗಾ. ಈಗ ಬಾಯಿಗಿಡು."

ಗಾಜಿನದು ವಜ್ರದ ಹಾಗೆ ಹೊಳೆಯುತ್ತಿತ್ತು. ಎಬೊನೈಟಿನ ಎರಡೂ ಬಣ್ಣ ಕೆಟ್ಟು ಸೊಟ್ಟಗಾಗಿದ್ದವು. ಒಂದನ್ನು ಎತ್ತಿ ಮೂಸಿದೆ. ಅತ್ತೆ ನನ್ನ ಮುಖ ನೋಡಿ, "ಎಂತಾಯ್ತು?" ಎಂದರು. ಹೇಳಲೇಬೇಕಾಯಿತು. ರಬ್ಬರಿಗೆ ಕುದಿನೀರು ಆಗದು. ಇದು ಮಂಜಪ್ಪನವರದು. ಗುರುವಾರ ಮದುವೆ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವುದು ಅತ್ತೆಯ ವ್ರತ. ಅಂದು ಹೊತ್ತು ಮುಳುಗಿತು. ಬಡಿಸಿಟ್ಟ ತಟ್ಟೆ ಹಾಗೇ ಇತ್ತು.

"ನಾಳೆ ನೀನೊಬ್ಳೇ ಹೋಗೋದು ಬೇಡ" ಎಂದರು. "ಕುದಿಸಿದ್ದು ನಾನು."

ಮಂಗಳವಾರ ರಜೆ ಹಾಕಿ ಇಬ್ಬರೂ ಬಸ್ಸು ಹತ್ತಿದೆವು. ಮೂರನ್ನೂ ಬಟ್ಟೆಯಲ್ಲಿ ಕಟ್ಟಿ ಅತ್ತೆ ಮಡಿಲಲ್ಲಿಟ್ಟುಕೊಂಡಿದ್ದರು. ಬಸ್ಸು ಆನಂದಪುರ ದಾಟಿತು. ಕೊನೆಗೆ ನಾನೇ, ಈ ವಾದ್ಯದ ಸಹವಾಸ ಸಾಕು, ಎರಡನ್ನೂ ಅಂಗಡಿಗೆ ವಾಪಸ್ಸು ಕಳಿಸಿಬಿಡುತ್ತೇನೆ ಎಂದೆ.

ಅತ್ತೆ ನನ್ನ ಕಡೆ ತಿರುಗಿದರು.

"ಯಾಕೆ ಕಳಿಸ್ತೀ? ಊದೋದು ಬೇಡ ಅನ್ನೋ ಹಾಗಿದ್ರೆ ನಾ ಅದನ್ನ ತೊಳೀತಿದ್ನಾ? ಮುಟ್ಟದೆ ಹಾಗೇ ಕಟ್ಟಿ ಕಳಿಸ್ತಿದ್ದೆ."

ನಾನು ಕಿಟಕಿಯಾಚೆ ನೋಡುತ್ತ ಕೂತೆ. ತಿಂಗಳುಗಟ್ಟಲೆ ಯಾವ ಹೂಂಗಾಗಿ ಕಾದಿದ್ದೆನೋ ಅದು ಆಗಲೇ ಸಿಕ್ಕಿತ್ತು, ಒಲೆಯ ಮೇಲೆ. ನಾನು ಗುರುತಿಸಿರಲಿಲ್ಲ. ನಮ್ಮ ಹಿರಿಯರು ಒಪ್ಪಿಗೆಯನ್ನು ಬಾಯಲ್ಲಿ ಹೇಳುವುದೇ ಅಪರೂಪವಲ್ಲವೇ? ಬುತ್ತಿ ಕಟ್ಟಿಕೊಡುತ್ತಾರೆ, ಸೀರೆಗೆ ಗಂಜಿ ಹಾಕಿಡುತ್ತಾರೆ. ನಮಗೆ ಅದನ್ನು ಓದಲು ಬರಬೇಕು, ಅಷ್ಟೆ.

ಮಂಜಪ್ಪನವರ ಮನೆ ರಿಪ್ಪನ್‌ಪೇಟೆಯ ಸಂತೆಮಾಳದ ಹಿಂದೆ. ಅತ್ತೆ ಅಂಗಳದಲ್ಲೇ ನಿಂತು ಗಂಟು ಬಿಚ್ಚಿ ತೋರಿಸಿ, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದರು. ಅವರು ತಮ್ಮ ಮೌತ್‌ಪೀಸನ್ನು ಎತ್ತಿ ನೋಡಿದರು. ಮೂಸಿದರು.

"ಸಾರು ಮಾಡಿದ್ರಾ ಅಮ್ಮಾ?"

"ಹುಣಸೆಹಣ್ಣು ಹಾಕಿದ್ದೆ. ಉಪ್ಪು ಹಾಕಿರ್ಲಿಲ್ಲ" ಎಂದರು ಅತ್ತೆ, ಗಂಭೀರವಾಗಿ.

ಯಾರೂ ನಗಲಿಲ್ಲ. ಅವರು ಅದನ್ನು ವಾದ್ಯಕ್ಕೆ ಸಿಕ್ಕಿಸಿ ಊದಿದರು. ಎಣ್ಣೆ ಕಾಣದ ಕದ ಕಿರುಗುಟ್ಟಿದಂತಾಯಿತು. ಮುಖ ಕೆಂಪಾಯಿತು.

"ನಾಡಿದ್ದು ಮದುವೆ ಕಣಮ್ಮಾ! ಗಂಡಿನ ಕಡೆಯವ್ರ ಎದುರಿಗೆ ನಾನೆಂತ ಶಿಳ್ಳೆ ಹಾಕ್ಲಾ?"

"ಹಾಕಿ!" ಎನ್ನುತ್ತ ಅವರ ಹೆಂಡತಿ ಗಿರಿಜಮ್ಮ ಹೊರಗೆ ಬಂದರು. "ಹೋದ ವರ್ಷ ವಾದ್ಯದ ಪೆಟ್ಟಿಗೆನೇ ಬಸ್ಸಲ್ಲಿ ಬಿಟ್ಟು ಬಂದಾಗ ಹಾಕ್ಲಿಲ್ವಾ? ಬಿಸಿಲಲ್ಲಿ ನಿಲ್ಲಿಸ್ಕೊಂಡು ಹೆಂಗಸ್ರ ಮೇಲೆ ಕೂಗ್ತಾರೆ. ಬನ್ನಿ ಅಮ್ಮಾ, ಮೇಲೆ ಬನ್ನಿ."

ನಾನು ಗಾಜಿನದನ್ನು ಮುಂದೆ ಹಿಡಿದೆ. ಉಳಿದಿದ್ದು ಅದೊಂದೇ. ಅವರು ನನ್ನ ಮುಖ ನೋಡದೆ ಕಿತ್ತುಕೊಂಡರು. ರೀಡು ಕಟ್ಟಿದರು. "ರೀಡು ಮಾತ್ರ ಹದವಾಗಿ ಬೆಂದಿದೆ" ಎಂದು ಗೊಣಗಿದರು. ಮೊದಲ ಸಲ ಕೀಚಲು. ಮತ್ತೆ ಕೀಚಲು. ರೀಡನ್ನು ಸ್ವಲ್ಪ ಕೆಳಗೆ ಸರಿಸಿ ಊದಿದರು. ಒಂದು ಉದ್ದನೆಯ, ತಿಳಿಯಾದ ಸ್ವರ ಅಂಗಳ ದಾಟಿ ಹೋಯಿತು. ಕಟ್ಟಿದ್ದ ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸಿತು.

"ಹಾಡ್ತದೆ" ಎಂದರು ಅತ್ತೆ, ಮೆಲ್ಲಗೆ.

ಮಂಜಪ್ಪನವರು ಕಣ್ಣು ಮುಚ್ಚಿ ಮತ್ತೆ ಊದಿದರು, ಬಹಳ ಹೊತ್ತು. ವಾದ್ಯ ಕೆಳಗಿಟ್ಟಾಗ ದನಿ ಇಳಿದಿತ್ತು. "ಗುರುವಾರದ ಮಟ್ಟಿಗೆ ಇದು ನನ್ನ ಹತ್ರ ಇರ್ಲಿ."

"ನಿಮಗೆ ಹೊಸದು ತರಿಸಿಕೊಡ್ತೀವಿ" ಎಂದರು ಅತ್ತೆ.

"ತರಿಸ್ದೆ ಬಿಡ್ತೀನಾ?" ಎಂದರು ಅವರು. ಈಗ ತುಟಿಯಲ್ಲಿ ಸ್ವಲ್ಪ ನಗೆ ಇತ್ತು.

ಗಿರಿಜಮ್ಮ ಅತ್ತೆಯ ಬಾಡಿದ ಮುಖವನ್ನೇ ನೋಡುತ್ತಿದ್ದರು. ನೀರಾದರೂ ಕುಡಿಯುತ್ತೀರಾ ಎಂದು ಅಳುಕುತ್ತಲೇ ಕೇಳಿದರು. ನಮ್ಮವರಲ್ಲದವರ ಮನೆಯಲ್ಲಿ ಅತ್ತೆ ನೀರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಹಿಂದಿನ ಸಂಜೆಯಿಂದ ಹೊಟ್ಟೆಗೆ ಏನೂ ಹಾಕಿಕೊಂಡಿರಲೂ ಇಲ್ಲ. ಅತ್ತೆ ಕೇಳಿದರು:

"ಸೋಸಿ, ಕುದಿಸಿ ಕೊಡ್ತೀಯಾ ತಾಯೀ?"

"ಅಯ್ಯೋ, ಮತ್ತೆ ಕುದಿಸೋದಾ!" ಎಂದರು ಮಂಜಪ್ಪನವರು. ಮೊದಲು ನಕ್ಕವರು ಅತ್ತೆ. ಆಮೇಲೆ ನಮಗ್ಯಾರಿಗೂ ನಗು ತಡೆಯಲಾಗಲಿಲ್ಲ. ಗಿರಿಜಮ್ಮ ಒಗೆದ ಬಟ್ಟೆ ಹುಡುಕಿ, ನೀರು ಸೋಸಿ, ಒಲೆ ಹಚ್ಚಿದರು. ಆರಿದ ಮೇಲೆ ಅತ್ತೆ ಆ ಮನೆಯ ಲೋಟದಿಂದ ಕುಡಿದರು. ಮತ್ತೊಂದು ಲೋಟ ಕೇಳಿ ಹಾಕಿಸಿಕೊಂಡರು.

ಮುಂದಿನ ಭಾನುವಾರ ಮಂಜಪ್ಪನವರು ಬಂದರು. ಶಿವಮೊಗ್ಗದಿಂದ ಬಂದಿದ್ದ ಹೊಸ ಎಬೊನೈಟನ್ನು ಅವರ ಕೈಗಿಟ್ಟೆ. ಕರವಸ್ತ್ರದಲ್ಲಿ ಸುತ್ತಿದ ಗಾಜಿನ ಮೌತ್‌ಪೀಸನ್ನು ಅವರು ನನ್ನ ಕೈಗಿಟ್ಟರು. ಅವರ ರೀಡು ಅದರಲ್ಲೇ ಇತ್ತು.

"ಬೀರುವಿನಲ್ಲಿ ಇಡೋದು ಅಂದಿದ್ದೆ. ಆ ಮಾತು ವಾಪಸ್" ಎಂದರು. "ಮದುವೆ ಮನೇಲಿ ಎರಡೆರಡು ಸಲ ಊದ್ಸಿದ್ರು. ನಿಮ್ಮ ಬಾಯಿಗೂ ಹೊಂದ್ತದೆ, ನೋಡಿ."

ಒಳಗಿನ ಕಡೆ ಕತ್ತು ಚಾಚಿ ದನಿ ಏರಿಸಿದರು: "ತೊಳೆಯೋದಾದ್ರೆ ತಣ್ಣೀರಲ್ಲಿ ಅಮ್ಮಾ!"

ಮರುದಿನ ಬೆಳಿಗ್ಗೆ, ಅತ್ತೆ ನೀರು ಸೋಸುತ್ತಿರುವಾಗ, ಹಳೆಯ ಮಾದರಿಯ ವಾದ್ಯವನ್ನು ಜೋಡಿಸಿದೆ. ಕರವಸ್ತ್ರ ಬಿಚ್ಚಿದೆ. ಅತ್ತೆ ಬಾಗಿಲಿಗೆ ಬಂದು ನಿಂತರು. ತೊಳೆದೆಯಾ ಎಂದು ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ.

ತೊಳೆಯದೆಯೇ ಬಾಯಿಗಿಟ್ಟೆ. ಎಣ್ಣೆ ಕಾಣದ ಕದದ ಹಾಗೆ ವಾದ್ಯ ಕಿರುಗುಟ್ಟಿತು. ಮತ್ತೆ ಹಿಡಿದೆ, ಉಸಿರು ಮುಗಿಯುವವರೆಗೆ, ಒಂದೇ ಒಂದು ಷಡ್ಜ.