ಎಡಗಡೆಯ ಕೆಳಮೂಲೆ

ನನ್ನ ತಮ್ಮನಿಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ಆಗ ಅವನಿಗೆ ನಾಲ್ಕೋ ಐದೋ ವರ್ಷ. ಈಗ ನೆತ್ತಿಯ ಕೂದಲು ಉದುರಿದೆ, ಕೈಕೆಳಗೆ ಕೆಲಸ ಮಾಡುವವರಿದ್ದಾರೆ, ಆದರೂ ಆ ಹೆಸರು ಹೋಗಿಲ್ಲ. ಹೋಗುವ ಹಾಗೆ ಅವನು ನಡೆದುಕೊಂಡೂ ಇಲ್ಲ. ನಿಂತಲ್ಲಿ ನಿಲ್ಲುವ ಜಾಯಮಾನವೇ ಅಲ್ಲ. ಫೋನಿನಲ್ಲಿ ಮಾತು ಶುರುವಾದರೆ ಮುಗಿಯುವವರೆಗೆ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಊಟಕ್ಕೆ ಕೂತರೆ ಮೇಜಿನಡಿ ಅವನ ಮೊಣಕಾಲು ಕುಣಿಯುತ್ತದೆ, ಮೇಲೆ ನಮ್ಮ ಲೋಟದ ನೀರು ನಡುಗುತ್ತದೆ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಆಗುವಷ್ಟು ಹೊತ್ತು ಅವನು ಒಂದೇ ಕಡೆ ಇರಲಿಲ್ಲ ಎನ್ನುತ್ತೇನೆ. ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಅವನ ವಾಸ. ವಾಸ ಅಂದರೆ ಅವನ ಬಟ್ಟೆಗಳ ವಾಸ.

ಅವನ ಕೆಲಸವೂ ಅವನಂಥದ್ದೇ. ಅವರ ಕಂಪನಿ ಆಪ್ ಮಾಡುವುದಿಲ್ಲ, ಆಪ್ ಮಾಡುವವರಿಗೆ ಬೇಕಾದ ಪ್ಲಾಟ್‌ಫಾರ್ಮ್ ಮಾಡುತ್ತದೆ. ಬಟನ್ನು, ಚಿತ್ರ, ಬಣ್ಣ, ಜಾರಿ ಬರುವ ಪುಟ, ಕುಣಿಯುವ ಅಕ್ಷರ ಎಲ್ಲ ಅದರೊಳಗೆ ಸಿದ್ಧವಾಗಿರುತ್ತವಂತೆ. ಒಂದು ಸಲ ಬರೆದರಾಯಿತು, ಫೋನಿನಲ್ಲೂ ಓಡುತ್ತದೆ, ಟ್ಯಾಬಿನಲ್ಲೂ ಓಡುತ್ತದೆ, ಗೋಡೆಯ ಟಿವಿಯಲ್ಲೂ, ಕಾರಿನ ಪರದೆಯಲ್ಲೂ, ಕೊನೆಗೆ ಬಟ್ಟೆ ಒಗೆಯುವ ಮೆಷಿನ್ನಿನ ಅಂಗೈಯಗಲದ ಗಾಜಿನಲ್ಲೂ ಓಡುತ್ತದೆ. ಅದರಲ್ಲಿ ನಮ್ಮ ಬುಗುರಿಯ ಪಾಲಿಗೆ ಬಂದದ್ದು ಜೋಡಣೆ. ಗಾಜು ಅಗಲವಾದರೆ ಬಟನ್‌ಗಳು ಅಕ್ಕಪಕ್ಕ ಹರಡಿಕೊಳ್ಳಬೇಕು, ಕಿರಿದಾದರೆ ಒಂದರ ಕೆಳಗೊಂದು ಇಳಿಯಬೇಕು. ಯಾರೂ ಹೇಳದೆ ತಾವಾಗಿಯೇ ಸರಿಯಬೇಕು.

ಒಮ್ಮೆ ಅವನು ಮರೆತುಹೋದ ಊಟದ ಡಬ್ಬಿ ಕೊಡಲು ಅವನ ಆಫೀಸಿಗೆ ಹೋಗಿದ್ದೆ. ಕೈಗಡಿಯಾರದಷ್ಟು ಚಿಕ್ಕದರಿಂದ ಬಾಗಿಲಿನಷ್ಟು ದೊಡ್ಡದರವರೆಗೆ ಒಂದು ಗೋಡೆ ತುಂಬ ಪರದೆಗಳು. ಇವನು ಅವುಗಳ ನಡುವೆ ಓಡಾಡುತ್ತಿದ್ದ.

"ನೋಡಕ್ಕ, ಒಂದ್ ಕಡೆ ಬರ್ದಿದ್ದು. ಎಲ್ಲಾ ಕಡೆ ಎಷ್ಟು ಚೆನ್ನಾಗಿ ಕೂತಿದೆ."

"ನೀನೊಬ್ಬ ಬಿಟ್ಟು ಎಲ್ಲಾ ಕೂತಿದೆ," ಅಂದೆ. ಪಕ್ಕದ ಕುರ್ಚಿಯ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನನ್ನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಗಂಟಲು ಎಂಥದ್ದೆಂದರೆ, ಮುಖ್ಯ ರಸ್ತೆಯಲ್ಲಿ ಅವರು ಕ್ಲಚ್ ಒತ್ತು ಎಂದರೆ ನಮ್ಮ ಓಣಿಯಲ್ಲಿ ಯಾರಾದರೂ ಒತ್ತಬೇಕು. ಕಲಿಯಲು ಬಂದವರು ಗೇರಿನ ಕಡೆ ಕಣ್ಣು ಹಾಯಿಸಿದರೆ ಅವರಿಗೆ ಆಗುತ್ತಿರಲಿಲ್ಲ. ಗೇರಿನ ಹಿಡಿಯ ಮೇಲೆ ಕರವಸ್ತ್ರ ಹೊದಿಸಿಬಿಡುತ್ತಿದ್ದರು. "ಕಣ್ಣು ರಸ್ತೆಗೆ, ಗೇರಿಗೆ ಕೈ ಇದೆ," ಎನ್ನುತ್ತಿದ್ದರು. ಭಾವಮೈದುನನಿಗೂ ಕಲಿಸಲು ಹೋಗಿ ಕೈಚೆಲ್ಲಿದರು. ಅವನು ಗೇರು, ಕನ್ನಡಿ, ಪಕ್ಕದ ಅಂಗಡಿ, ಆಕಾಶ ಎಲ್ಲವನ್ನೂ ನೋಡುತ್ತಿದ್ದ, ರಸ್ತೆ ಒಂದನ್ನು ಬಿಟ್ಟು. ಅಂದಿನಿಂದ ಇಬ್ಬರೂ ಎದುರಾದಾಗಲೆಲ್ಲ ಒಬ್ಬರ ಕಾಲು ಒಬ್ಬರು ಎಳೆಯುವುದೇ ಕೆಲಸ. ಭಾವ ಹೇಳಿದ್ದಕ್ಕೆ ಇವನು ಒಂದು ಕೊಂಕು, ಇವನ ಕೊಂಕಿಗೆ ಭಾವನದು ಇನ್ನೊಂದು. ಆ ಗಲಾಟೆಯಿಲ್ಲದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಗಂಡ ಹಲ್ಲುಜ್ಜುತ್ತ ಬಚ್ಚಲಲ್ಲಿ ಕುಸಿದರು. ಲಕ್ವ. ಬಲಗೈ ಬಲಗಾಲು ಸೋತವು, ಬಾಯಿ ವಾರೆಯಾಯಿತು, ಮಾತು ಪೂರ್ತಿ ನಿಂತುಹೋಯಿತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ಆದರೆ ಅಕ್ಷರ ಓದಲಾಗುವುದಿಲ್ಲ, ಚಿತ್ರಗಳೂ ಒಮ್ಮೊಮ್ಮೆ ಗೊಂದಲವಾಗುತ್ತವೆ, ಕೋಪ ಹೆಚ್ಚಾಗಬಹುದು ಎಂದು ಡಾಕ್ಟರಮ್ಮ ಹೇಳಿದರು. ನಾನು ಎಲ್ಲದಕ್ಕೂ ಹೂಂ ಅಂದೆ. ಆ ಗಂಟಲಿನಿಂದ ಒಂದು ಮಾತೂ ಹೊರಡದೆ ಅವರು ನನ್ನನ್ನೇ ನೋಡುತ್ತಿದ್ದರೆ ನನ್ನ ಜೀವ ಹಿಂಡಿದಂತಾಗುತ್ತಿತ್ತು.

ಬುಗುರಿಗೆ ಆಸ್ಪತ್ರೆಯಲ್ಲಿ ಕೂರಲಾಗಲಿಲ್ಲ. ಹೋದವನು ಮಾರನೆಯ ದಿನ ತನ್ನ ಹಳೆಯ ಫೋನು ಹಿಡಿದು ಬಂದ. ತಾನೇ ಕಟ್ಟಿದ ಪ್ಲಾಟ್‌ಫಾರ್ಮಿನ ಮೇಲೆ ಭಾವನಿಗಾಗಿ ಒಂದು ಆಪ್ ಮಾಡಿದ್ದ. ಸಾಲಿಗೆ ಎರಡರಂತೆ ನಾಲ್ಕು ಸಾಲು ದಪ್ಪ ದಪ್ಪ ಬಟನ್. ಮೊಟ್ಟಮೊದಲು ನೀರು. ಕೆಳಗಿನ ಸಾಲಿನಲ್ಲಿ ಎಡಗಡೆ ನೋವು, ಬಲಗಡೆ ನನ್ನನ್ನು ಕರೆಯುವುದು. ನಡುವೆ ಟೀ, ಫ್ಯಾನು, ಬಾತ್‌ರೂಮು, ಟಿವಿ, ದಿಂಬು. ಒತ್ತಿದರೆ ಫೋನು ಮಾತಾಡುತ್ತಿತ್ತು, ಬೇರೆ ದನಿ ಹುಡುಕುವ ತಾಳ್ಮೆಯಿಲ್ಲದೆ ತನ್ನದೇ ದನಿ ತುಂಬಿದ್ದ.

"ಇಷ್ಟು ವರ್ಷ ನನ್ ಬಾಯಿ ಮುಚ್ಚಿಸ್ತಿದ್ರಿ ಭಾವ. ಇನ್ಮೇಲೆ ಅದೇ ಬಾಯಲ್ಲಿ ಮಾತಾಡ್ಬೇಕು ನೋಡಿ," ಅಂದ.

ನನ್ನ ಗಂಡ ಎಡಗೈ ಹೆಬ್ಬೆರಳಿನಿಂದ ಒತ್ತಿದರು. "ನೀರು ಬೇಕು," ಎಂದಿತು ನನ್ನ ತಮ್ಮನ ದನಿ. ಅವರ ಅರ್ಧ ಬಾಯಿ ನಕ್ಕಿತು. ನಾನು ಗೋಡೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡೆ.

ಅಲ್ಲಿದ್ದಷ್ಟು ದಿನವೂ ಆ ಫೋನೇ ಅವರ ನಾಲಿಗೆ. ಭುಜದಲ್ಲಿ ನೋವು ಬಂದು ಅದರ ಬಟನ್ ಒತ್ತಿದರೆ ನರ್ಸ್ ಓಡಿ ಬರುತ್ತಿದ್ದಳು, ನೀರೆಂದರೆ ನೀರು ಬರುತ್ತಿತ್ತು. ಮಾತಿಲ್ಲದ ಮನುಷ್ಯ ಎಂಬುದನ್ನು ನಾನು ಮರೆಯುತ್ತಿದ್ದ ಗಳಿಗೆಗಳೂ ಇದ್ದವು.

ಮನೆಗೆ ಬಂದ ಮೇಲೆ ಬುಗುರಿಯ ಕೈ ಕಡಿಯತೊಡಗಿತು. ಫೋನು ಚಿಕ್ಕದು, ಭಾವನಿಗೆ ದೊಡ್ಡದು ಬೇಕು ಎಂದು ಹಠ ಹಿಡಿದ. ತಟ್ಟೆಯಗಲದ ಟ್ಯಾಬ್ ತಂದ, ಬಗ್ಗುವ ಕಬ್ಬಿಣದ ತೋಳೊಂದನ್ನು ಮಂಚಕ್ಕೆ ಬಿಗಿದು ಅದರ ತುದಿಗೆ ಸಿಕ್ಕಿಸಿದ. ಆಪ್ ಅದೇ. ಅಗಲವಾದ ಗಾಜು ಸಿಕ್ಕಿದ್ದೇ ತಡ ಬಟನ್‌ಗಳು ಸಾಲಿಗೆ ನಾಲ್ಕರಂತೆ ಹರಡಿಕೊಂಡವು. ಫ್ಯಾನಿನ ಚಿತ್ರ ತಿರುಗುತ್ತಿತ್ತು, ಟೀ ಲೋಟದಿಂದ ಹಬೆ ಏಳುತ್ತಿತ್ತು.

"ಒಂದಕ್ಷರ ಬದಲಾಯಿಸಿಲ್ಲ ಅಕ್ಕ. ತಾನೇ ಜಾಗ ನೋಡ್ಕೊಂಡು ಕೂತಿದೆ," ಎಂದು ಬೀಗಿದ.

ನನ್ನ ಗಂಡ ಮೂಲೆಯ ಮೊದಲ ಬಟನ್ ಒತ್ತಿದರು, ನೀರು ಬಂತು. ಕೆಳಗೆ ಬಲಮೂಲೆ ಒತ್ತಿದರು, ನಾನು ಬಂದೆ. ಎಲ್ಲ ಸರಿಯಿದೆ ಎಂದುಕೊಂಡೆವು. ಮನೆಯಲ್ಲಿ ಅವರು ಒತ್ತುತ್ತಿದ್ದದ್ದೂ ಆ ಎರಡನ್ನೇ, ಉಳಿದದ್ದೆಲ್ಲ ಕೇಳುವ ಮೊದಲೇ ನಾನು ಮಾಡಿಬಿಡುತ್ತಿದ್ದೆ. ಬುಗುರಿ ಇನ್ನೇನಾದರೂ ಸೇರಿಸೋಣವೆಂದು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಭಾನುವಾರ ಮಧ್ಯಾಹ್ನ ಟ್ಯಾಬು ಕೂಗಿತು. "ಟಿವಿ ಹಾಕಿ." ಹಾಕಿದೆವು. ಮತ್ತೆ ಕೂಗಿತು. ಚಾನೆಲ್ ಬದಲಾಯಿಸಿದೆವು. ಮತ್ತೆ. "ಭಾವಂಗೆ ಮ್ಯಾಚ್ ಬೇಕೇನೋ," ಎಂದು ಬುಗುರಿ ಆಟದ ಚಾನೆಲ್ ಹುಡುಕಿದ. ಅವರು ತಲೆ ಅಲ್ಲಾಡಿಸಿ ಅದೇ ಬಟನ್ನಿಗೆ ಗುದ್ದಿದರು. "ಟಿವಿ ಹಾಕಿ, ಟಿವಿ ಹಾಕಿ." ಕೇಳಿಸುತ್ತಿಲ್ಲವೇನೋ ಎಂದು ಇವನು ಸೌಂಡ್ ಜಾಸ್ತಿ ಮಾಡಿದ. ನನ್ನ ಗಂಡ ಕೈಗೆ ಸಿಕ್ಕ ಲೋಟ ಬೀಸಿ ಎಸೆದರು. ಡಾಕ್ಟರಮ್ಮ ಹೇಳಿದ ಕೋಪ ಇದೇ ಇರಬೇಕೆಂದು ನಾನು ನೆಲ ಒರೆಸಿದೆ.

ಮರುದಿನ ಬೆಳಿಗ್ಗೆ ಮೈ ಕೆಂಡವಾಗಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಗೆ ಹೊತ್ತೊಯ್ದೆವು. ಮೂತ್ರಪಿಂಡದವರೆಗೂ ಸೋಂಕು ಏರಿದೆ ಎಂದರು.

"ವಿಪರೀತ ನೋವಿದ್ದಿರ್ಬೇಕಲ್ಲಮ್ಮ. ಏನೂ ಹೇಳ್ಲಿಲ್ವಾ?" ಎಂದು ಕೇಳಿದರು ಡಾಕ್ಟರಮ್ಮ.

"ಟಿವಿ ಹಾಕಿ ಅಂದ್ರು," ಅಂದೆ. ಆಕೆ ನನ್ನ ಮುಖವನ್ನೇ ನೋಡಿದರು.

ಜೀವ ಉಳಿಯಿತು. ಆದರೆ ಮನೆಗೆ ಮರಳಿದವರು ಟ್ಯಾಬಿನ ತೋಳು ಹಿಡಿದು ಅದನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟರು. ನಾವು ಈಚೆ ತಿರುಗಿಸಿದರೆ ಮತ್ತೆ ಆಚೆ. ನೀರು ಬೇಕೆಂದರೂ ಕೇಳುತ್ತಿರಲಿಲ್ಲ, ನಾನೇ ಊಹಿಸಿ ಕೊಟ್ಟರೆ ಕುಡಿಯುತ್ತಿದ್ದರು. ಮಾತು ಹೋದಾಗ ನಾನು ಇಷ್ಟು ಹೆದರಿರಲಿಲ್ಲ. ಈಗ ಅವರಿಗೆ ಮಾತಾಡುವ ಮನಸ್ಸೇ ಹೋಗಿತ್ತು. ಹೀಗೇ ಬಿಟ್ಟರೆ ಈ ಮನುಷ್ಯ ನಮ್ಮ ಕೈಗೆ ಮತ್ತೆ ಸಿಗುವುದಿಲ್ಲ ಎನಿಸಿತು.

ಬುಗುರಿಗೆ ಗೊತ್ತಿದ್ದದ್ದು ಒಂದೇ ಮದ್ದು, ಏನಾದರೂ ಬದಲಾಯಿಸುವುದು. ಬಟನ್ ದಪ್ಪ ಮಾಡಿದ. ಬಣ್ಣ ಹಚ್ಚಿದ. ಒತ್ತಿದರೆ ಉಬ್ಬುವ ಹಾಗೆ ಮಾಡಿದ. ದಿನಕ್ಕೊಂದು ಹೊಸ ರೂಪ ತಂದು ಗೋಡೆಗೆ ತಿರುಗಿದ ಟ್ಯಾಬಿಗೆ ತುಂಬುತ್ತಿದ್ದ. ಮಂಚದ ಸುತ್ತ ಅವನ ಓಡಾಟ ನೋಡಿ ನನ್ನ ತಲೆ ಚಿಟ್ಟು ಹಿಡಿಯಿತು.

"ಸ್ವಲ್ಪ ಹೊತ್ತು ಸುಮ್ನಿರೋಕೆ ಬರಲ್ವೇನೋ ನಿಂಗೆ?"

"ಬರಲ್ಲ ಅಕ್ಕ," ಅಂದ. ಅವನ ದನಿ ಒಡೆದಿತ್ತು. ಆದರೂ ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಸಿಟ್ಟೇ ಇತ್ತು.

ಒಂದು ಮಧ್ಯಾಹ್ನ ನಾನು ಕಿಟಕಿಯ ಬಳಿ ಹೊಲಿಗೆ ಮೆಷಿನ್ನಿಗೆ ದಾರ ಪೋಣಿಸುತ್ತಿದ್ದೆ. ನನ್ನ ಗಂಡ ಸೂರು ನೋಡುತ್ತ ಮಲಗಿದ್ದರು. ಒಳಗೆ ಬಂದ ಬುಗುರಿ ಬಾಗಿಲಲ್ಲೇ ನಿಂತ. ಅವನು ಹಾಗೆ ನಿಂತದ್ದೇ ವಿಚಿತ್ರವೆನಿಸಿ ನಾನು ತಲೆ ಎತ್ತಿದೆ. ಅವನು ಭಾವನ ಎಡಗೈ ನೋಡುತ್ತಿದ್ದ. ಹೊದಿಕೆಯ ಅಂಚಿನಲ್ಲಿ ಅವರು ಆ ಹಳೆಯ ಫೋನನ್ನು ಹಿಡಿದುಕೊಂಡಿದ್ದರು. ಚಾರ್ಜ್ ಇಲ್ಲದೆ ಸತ್ತು ಎಷ್ಟೋ ದಿನವಾಗಿತ್ತು. ಕಪ್ಪು ಗಾಜಿನ ಎಡಗಡೆಯ ಕೆಳಮೂಲೆಯನ್ನು ಅವರ ಹೆಬ್ಬೆರಳು ಒತ್ತುತ್ತಿತ್ತು. ಬಿಡುತ್ತಿತ್ತು, ಒತ್ತುತ್ತಿತ್ತು. ಕಣ್ಣು ಸೂರಿನ ಮೇಲೆಯೇ ಇತ್ತು.

"ಅಕ್ಕ, ಅಲ್ಲಿ ಇದ್ದಿದ್ದು ನೋವು," ಅಂದ ಮೆಲ್ಲಗೆ. ಆಮೇಲೆ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು ಅದೇ ಮೂಲೆಯಲ್ಲಿ ಏನಿದೆಯೆಂದು ನೋಡಿದ. ನಾನೂ ಎದ್ದು ಹೋಗಿ ನೋಡಿದೆ. ಟಿವಿ ಇತ್ತು. ನೀರು ಮೊದಲನೆಯದು, ನನ್ನನ್ನು ಕರೆಯುವುದು ಕೊನೆಯದು, ಆ ಎರಡೂ ಇದ್ದ ಮೂಲೆಯಲ್ಲೇ ಉಳಿದಿದ್ದವು. ಉಳಿದದ್ದೆಲ್ಲ ತಾವಾಗಿಯೇ ಸರಿದಿದ್ದವು. ಅಕ್ಷರ ಅರ್ಥವಾಗದ, ಚಿತ್ರ ಗೊಂದಲವಾಗುವ ಮನುಷ್ಯನಿಗೆ ಕೈ ಕಲಿತ ಜಾಗ ಒಂದೇ ಆಧಾರ. ಆ ಜಾಗವೇ ಅವರ ಕೈ ತಪ್ಪಿತ್ತು.

ಬುಗುರಿಯ ಮುಖ ಸುಟ್ಟ ಬಟ್ಟೆಯಂತಾಯಿತು. ಟ್ಯಾಬು ಕಳಚಿಕೊಂಡು ಆಫೀಸಿಗೆ ಹೋದ.

ಎಲ್ಲವೂ ಸರಿಯಬೇಕು ಎಂದು ಇಷ್ಟು ವರ್ಷ ಬರೆದವನು, ಯಾವುದೂ ಸರಿಯಬಾರದು ಎಂದು ಬರೆದ. ಅವನ ಪ್ಲಾಟ್‌ಫಾರ್ಮ್ ಅದಕ್ಕೆ ಸುಲಭವಾಗಿ ಒಪ್ಪಲಿಲ್ಲವಂತೆ. ಅಡ್ಡ ಹಿಡಿದರೂ ಉದ್ದ ಹಿಡಿದರೂ, ಗಾಜು ಎಷ್ಟೇ ಅಗಲವಿದ್ದರೂ, ಸಾಲಿಗೆ ಎರಡೇ, ನಾಲ್ಕು ಸಾಲೇ. ಟ್ಯಾಬಿನ ಎರಡೂ ಪಕ್ಕ ಬೋಳುಬೋಳಾಗಿ ಜಾಗ ಉಳಿಯಿತು. ಅವನ ಮೇಲಿನವರು ನೋಡಿ, "ಇದೇನ್ರೀ, ಇಷ್ಟೊಂದು ಖಾಲಿ ಬಿಟ್ಟಿದೀರಲ್ಲ, ನೀವೇ ಮಾಡಿದ್ದಾ?" ಎಂದರಂತೆ. ಹೌದು, ನಾನೇ ಮಾಡಿದ್ದು ಎಂದನಂತೆ ಇವನು. ಕುಣಿಯುವ ಚಿತ್ರಗಳನ್ನೂ ಕಿತ್ತುಹಾಕಿದ್ದ.

ಆದರೆ ತಂದು ಮತ್ತೆ ಮಂಚಕ್ಕೆ ಸಿಕ್ಕಿಸಿದರೂ ನನ್ನ ಗಂಡ ಅದನ್ನು ಮುಟ್ಟಲಿಲ್ಲ. ಬುಗುರಿ ಎಲ್ಲ ವಿವರಿಸಿ ಹೇಳಿದ. ಅವರು ಕೇಳಿಸಿಕೊಂಡು ಕಣ್ಣು ಮುಚ್ಚಿದರು. ಒಮ್ಮೆ ಮೋಸ ಹೋದ ಕೈಯನ್ನು ಯಾರು ಒಪ್ಪಿಸುತ್ತಾರೆ? ತಪ್ಪಾಯಿತು ಎಂಬ ಒಂದು ಮಾತು ಮಾತ್ರ ನನ್ನ ತಮ್ಮನ ಬಾಯಿಂದ ಬರಲಿಲ್ಲ. ಅದರ ಬದಲು ಅವನು ಆ ಕೋಣೆಯನ್ನು ರಿಪೇರಿ ಮಾಡತೊಡಗಿದ. ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟ, ಟ್ಯೂಬ್‌ಲೈಟ್ ಬಿಚ್ಚಿ ಮತ್ತೆ ಹಾಕಿದ, ಅಲ್ಲಾಡದ ಸ್ಟೂಲಿಗೂ ಮೊಳೆ ಹೊಡೆದ. ಪಾಠ ಕಲಿಯುವವನು ಗಾಡಿ ಹಿಂದಕ್ಕೆ ತೆಗೆಯುವಾಗ ಮೇಷ್ಟ್ರು ನೋಡುವ ಹಾಗೆ ನನ್ನ ಗಂಡ ಅವನನ್ನು ನೋಡುತ್ತಿದ್ದರು.

ಒಂದು ಸಂಜೆ ಅವನು ಮಂಚದ ಪಕ್ಕದ ಸ್ವಿಚ್ಚನ್ನು ಬಿಚ್ಚಿಕೊಂಡು ನಿಂತಿದ್ದಾಗ ಟ್ಯಾಬು ಮಾತಾಡಿತು.

"ನೋವಾಗ್ತಿದೆ."

ಕತ್ತರಿ ನನ್ನ ಕೈಯಿಂದ ಬಿತ್ತು. ಬುಗುರಿ ಸ್ಕ್ರೂಡ್ರೈವರ್ ಎಸೆದು ಮಂಚದ ಮೇಲೆ ಬಾಗಿದ. "ಎಲ್ಲಿ ಭಾವ? ಹೊಟ್ಟೆನಾ? ಬೆನ್ನಾ?" ಅವನ ಕೈ ಅವರ ಮೈಯೆಲ್ಲ ತಡವುತ್ತಿತ್ತು. ನನ್ನ ಗಂಡ ತಲೆ ಅಲ್ಲಾಡಿಸಿದರು. ಅವನ ಕೈ ಸರಿಸಿ ಮತ್ತೆ ಅದೇ ಮೂಲೆ ಒತ್ತಿದರು.

"ನೋವಾಗ್ತಿದೆ," ಎಂದಿತು ಅವನದೇ ದನಿ.

ಅವರು ಹೆಬ್ಬೆರಳನ್ನು ಗಾಜಿನಿಂದ ತೆಗೆದು ಬುಗುರಿಯ ಎದೆಗೆ ಒತ್ತಿದರು. ಹುಬ್ಬು ಮೇಲೇರಿತು. ನನಗೆ ಮೊದಲು ತಿಳಿಯಿತು.

"ನಿಂಗೆ ನೋವಾಗ್ತಿದ್ಯಾ ಅಂತ ಕೇಳ್ತಿದಾರೆ ಕಣೋ," ಅಂದೆ.

ಅವನು ನಿಂತೇ ಇದ್ದ. ಕೈ ಅಲ್ಲಾಡಲಿಲ್ಲ, ಮೊಣಕಾಲು ಕುಣಿಯಲಿಲ್ಲ. "ಹೂಂ ಭಾವ," ಅಂದ. "ನೀವು ನೋವು ಅಂತಿದ್ರಿ. ನಾನು ಸೌಂಡ್ ಜಾಸ್ತಿ ಮಾಡ್ದೆ."

ನನ್ನ ಗಂಡ ಅವನ ಮುಖದಿಂದ ಕಣ್ಣು ತೆಗೆಯದೆಯೇ ಕೈ ಚಾಚಿದರು. ಹೆಬ್ಬೆರಳು ಗಾಜಿನ ಮೇಲೆ ಆ ಮೂಲೆಗೆ ಹೋಗಿ, ಅಲ್ಲಿಂದ ಒಂದು ಬಟನ್ ಮೇಲಕ್ಕೆ ಸರಿದು ಒತ್ತಿತು.

"ಟಿವಿ ಹಾಕಿ."

ಅವರ ಅರ್ಧ ಬಾಯಿ ನಗುತ್ತಿತ್ತು. ಕಾಯಿಲೆ ಬಿದ್ದಂದಿನಿಂದ ಅವರು ಎಷ್ಟೋ ಸಲ ನೀರು ಕೇಳಿದ್ದರು, ಟೀ ಕೇಳಿದ್ದರು. ಭಾವಮೈದುನನ ಕಾಲೆಳೆದದ್ದು ಇದೇ ಮೊದಲು. ಬುಗುರಿ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.