ಕುತುಬುದ್ದೀನರ ಇಪ್ಪತ್ತೆಂಟು ಹಲ್ಲುಗಳು

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಸಂಜೆ ಹರಟೆಗೆ ಕೂಡುವ ಕೆಲವು ಮಹನೀಯರು, ಮಂಡಕ್ಕಿ ಭಟ್ಟಿಯ ಕುತುಬುದ್ದೀನರ ಹಲ್ಲಿನ ಸೆಟ್ಟು ಕಾದ ಮರಳಿಗೆ ಬಿದ್ದು ಅರಳಿತೆಂದು ಹೇಳಿ ನಗುತ್ತಾರೆ. ಇದು ಶುದ್ಧ ಸುಳ್ಳು. ಸೆಟ್ಟು ಎಲ್ಲಿಯೂ ಬೀಳಲಿಲ್ಲ. ಅದರಲ್ಲಿದ್ದ ಹಲ್ಲುಗಳೂ ಅವರು ಹೇಳುವಂತೆ ಮೂವತ್ತೆರಡಲ್ಲ, ಇಪ್ಪತ್ತೆಂಟು, ಎಣಿಸಿದವನು ನಾನು. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಕುತುಬುದ್ದೀನರು ಬಸವಪ್ರಭು ಅವರ ಮನೆತನದ ಭಟ್ಟಿಯಲ್ಲಿ ನಲವತ್ತೊಂದು ವರ್ಷ ದುಡಿದವರು. ಉಪ್ಪುನೀರು ಹಿಡಿಸಿ ಒಣಗಿಸಿದ ಅಕ್ಕಿ ಹುರಿಯುವ ಹದಕ್ಕೆ ಬಂದಿದೆಯೇ ಎಂಬುದನ್ನು ಅವರ ಹಲ್ಲು ತೀರ್ಮಾನಿಸುತ್ತಿತ್ತು. ಮುಂದಿನ ಹಲ್ಲುಗಳ ನಡುವೆ ಒಂದು ಕಾಳು ಇಟ್ಟು ಕಡಿಯುವರು. ‘ಕಟ್’ ಎಂದು ಮುರಿದರೆ ಮರಳಿಗೆ. ಮೆತ್ತಗಾದರೆ ಮತ್ತೆ ಬಿಸಿಲಿಗೆ. ಆಮೇಲೆ ಹೊಗೆಯ ನಡುವೆ, ಕಪ್ಪು ಮರಳಿನೊಳಗಿಂದ ಬಿಳಿಯ ಮೊಗ್ಗುಗಳು ಒಮ್ಮೆಲೇ ಎದ್ದು ಬರುತ್ತಿದ್ದವು. ನೋಡುತ್ತ ನಿಂತವನಿಗೆ ತಾನು ಎಲ್ಲಿ ನಿಂತಿದ್ದೇನೆಂಬುದೇ ಮರೆಯುತ್ತಿತ್ತು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ನಾನು ತಪ್ಪಿದ ತಕ್ಕಡಿಗಳನ್ನು ಬಹಳ ಕಂಡಿದ್ದೇನೆ. ಆ ಬಾಯಿ ತಪ್ಪಿದ್ದನ್ನು ಕಂಡಿರಲಿಲ್ಲ.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ೧೯೯೮ರ ಫೆಬ್ರುವರಿ ಒಂಬತ್ತು, ಸೋಮವಾರ, ಸಡಿಲಾದ ಹಲ್ಲುಗಳನ್ನು ಕೀಳಿಸಿಕೊಂಡಿದ್ದ ಅವರಿಗೆ ಪೂರ್ತಿ ಸೆಟ್ಟು ಹಾಕಲಾಯಿತು. ಹಾಕಿದ ದವಾಖಾನೆಯ ಹೆಸರು ಬರೆಯುವುದಿಲ್ಲ. ಆದರೆ ಹಲ್ಲು ಕೊಟ್ಟವರು, ಅದರಿಂದ ತಿನ್ನುವುದು ಹೇಗೆಂದು ಒಂದೇ ಒಂದು ಮಾತು ಹೇಳದೆ ಕಳುಹಿಸಿದ್ದು ಅಕ್ಷಮ್ಯ. ಒಂದು ಗೋಡೆ ಗಡಿಯಾರ ಕೊಂಡರೂ ಕೀಲಿ ಕೊಡುವ ಬಗೆ ತೋರಿಸುತ್ತಾರೆ!

ಮರುದಿನ ಭಟ್ಟಿಯಲ್ಲಿ ಕುತುಬುದ್ದೀನರು ಎಂದಿನಂತೆ ಮುಂದಿನ ಹಲ್ಲಿಗೆ ಕಾಳು ಕೊಟ್ಟರು. ಮೇಲಿನ ಸೆಟ್ಟು ಹಿಂದಿನಿಂದ ಎದ್ದಿತು. ಕಾಳು ಮುರಿಯಿತೋ ಜಾರಿತೋ ತಿಳಿಯಲಿಲ್ಲ. ತಿಳಿಯಲಿಲ್ಲವೆನ್ನಲು ನಾಚಿ, “ಹಾಕ್ರಿ” ಎಂದುಬಿಟ್ಟರು. ಮೂರು ಚೀಲ ಅಕ್ಕಿ ಅರಳದೆ ಕಲ್ಲಾಯಿತು.

ಬಸವಪ್ರಭು ಬೈಯಲಿಲ್ಲ. “ಚಾಚಾ, ಒಂದೀಟು ದಿನ ಮನ್ಯಾಗ ಕೂಡ್ರಿ. ಎಷ್ಟಂತ ದುಡೀತೀರಿ?” ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಭಟ್ಟಿಯ ಬಾಯಲ್ಲಿದ್ದ ತಮ್ಮ ಸ್ಟೂಲು ಹೋಯಿತೆಂದು ತಿಳಿದ ಕುತುಬುದ್ದೀನರು ಅಂದೇ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ, ಅಕ್ಕ ಮಾಬೂಬೀ ಮನೆಗೆ ಹೋದರು. ಆಕೆ ಒಂಬತ್ತು ವರ್ಷದಿಂದ ಸೆಟ್ಟು ಹಾಕಿಕೊಂಡೇ ಜೋಳದ ರೊಟ್ಟಿ ತಿನ್ನುತ್ತಿದ್ದವರು.

ಅದೇ ವಾರ ನಾನು ಅಲ್ಲಿಗೆ ಹೋದಾಗ ಆಕೆಯ ತಮ್ಮನ ಮುಂದೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಇತ್ತು. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿದ್ದು. ಕುತುಬುದ್ದೀನರು ಮುಖ ತಿರುಗಿಸಿ ಕುಳಿತಿದ್ದರು. ನಾನಿದ್ದೆನೆಂದು ಇಬ್ಬರೂ ಕನ್ನಡದಲ್ಲೇ ಜಗಳವಾಡಿದರು.

“ನಲವತ್ತೊಂದು ವರ್ಷ ಗರಿಗರಿ ಮಾಡಿದ ಮಂಡಕ್ಕೀನ ನೀರಾಗ ಮುಳುಗಿಸಿ ತಿನ್ಲ? ಒಂದಿನಾನೂ ಮುಟ್ಟಿಲ್ಲ ನಾನು.”

“ಹಲ್ಲು ಹೊಸವು, ಕುತುಬು. ಕೂಸಿಗೆ ಮೊದಲ್ನೇ ದಿನಾನ ರೊಟ್ಟಿ ಕೊಡ್ತಾರೇನು? ಸಣ್ಣ ತುತ್ತು ತಗ. ಅರ್ಧ ಎಡಕ್ಕ, ಅರ್ಧ ಬಲಕ್ಕ. ಎರಡೂ ಕಡೆ ಕೂಡೇ ಅಗಿ, ಸೆಟ್ಟು ಏಳಲ್ಲ. ಮುಂದಿನ ಹಲ್ಲಿಂದ ಕಡಿಬ್ಯಾಡ. ಅವು ನಗಾಕ ಅದಾವು.”

“ನಗಾಕ ಏನೈತೆ ಆಪಾ?”

“ನಿನ್ನ ಮಕ ಐತಲ್ಲ!”

ಅವರು ತಿಂದರು. ಮೊದಲ ವಾರ ಒಗ್ಗರಣೆ, ಎರಡನೆಯ ವಾರ ಬೆಣ್ಣೆ ದೋಸೆ, ಆಮೇಲೆ ಸಾರಿನಲ್ಲಿ ನೆನೆಸಿದ ರೊಟ್ಟಿ. ಒಸಡು ಹುಣ್ಣಾದಾಗ ನಾನೇ ಜತೆಗೆ ಹೋಗಿ, ಅದೇ ದವಾಖಾನೆಯಲ್ಲಿ ಸೆಟ್ಟಿನ ಅಂಚು ಉಜ್ಜಿಸಿಕೊಂಡು ಬಂದೆ. ಮೊದಲೇ ಮಾಡಬೇಕಾಗಿದ್ದ ಕೆಲಸ.

ಮಾರ್ಚ್ ಹದಿನೈದರ ಭಾನುವಾರ ಸಂಜೆ ನಾನೂ ಕುತುಬುದ್ದೀನರೂ ತುಂಗಭದ್ರೆಯ ದಡದಲ್ಲಿ ಕುಳಿತಿದ್ದೆವು. ನೀರು ಇಳಿದು ಬಂಡೆಗಳು ಬೆನ್ನು ತೋರಿಸಿದ್ದವು. ಬೆಳಕು ನೀರಿನ ಮೇಲೆ ಹರಿಯುತ್ತಿತ್ತೋ, ನೀರು ಬೆಳಕಿನ ಮೇಲೋ, ಖಚಿತವಾಗಿ ಹೇಳಲಾರೆ. ನನಗೆ ಹೀಗಾಗುವುದು ಅಪರೂಪ. ಕುತುಬುದ್ದೀನರು ಜೇಬಿನಿಂದ ಎರಡು ಅಕ್ಕಿಕಾಳು ತೆಗೆದು, ಒಂದನ್ನು ಎಡದವಡೆಗೆ, ಒಂದನ್ನು ಬಲದವಡೆಗೆ ಇಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಬಾಯಿ ಅದುಮಿದರು.

“ಸಾಹೇಬ್ರೆ, ಹಲ್ಲಿಗೆ ಏನೂ ತಿಳಿಯವಲ್ದು,” ಎಂದರು. “ಆದ್ರ ತಲಿಯೊಳಗ ಕೇಳಿಸ್ತೈತೆ.”

ಮಾರ್ಚ್ ಮೂವತ್ತು, ಸೋಮವಾರ, ಅವರು ಭಟ್ಟಿಗೆ ಬಂದು ಯಾರನ್ನೂ ಕೇಳದೆಯೇ ಅಕ್ಕಿಯ ರಾಶಿಯ ಮುಂದೆ ಕುಳಿತರು. ಎಡಕ್ಕೊಂದು, ಬಲಕ್ಕೊಂದು. ಕಣ್ಣು ಮುಚ್ಚಿದರು.

“ಇನ್ನರ್ಧ ದಿನದ ಬಿಸಿಲು ಬೇಕು.”

“ಚಾಚಾ, ಎರಡು ದಿನ ಒಣಗೈತೆ,” ಎಂದರು ಬಸವಪ್ರಭು.

“ಒಂದು ಬೊಗಸೆ ಹಾಕಿ ನೋಡ್ರಿ.”

ಹಾಕಿದರು. ಅರ್ಧಕ್ಕರ್ಧ ಕಾಳು ಅರಳದೆ ಜರಡಿಯಲ್ಲಿ ಟಣಟಣಿಸಿತು. ಬಸವಪ್ರಭು ಅಕ್ಕಿಯನ್ನು ಅಂಗಳಕ್ಕೆ ಹರಡಿಸಿದರು. ಮಧ್ಯಾಹ್ನ ಮೂರೂವರೆಗೆ ಕುತುಬುದ್ದೀನರು ಮತ್ತೆ ಎರಡು ಕಾಳು ಅದುಮಿ, ತಲೆಯೊಳಗಿನ ಆ ಸಣ್ಣ ‘ಕಟ್’ ಕೇಳಿ, “ಹಾಕ್ರಿ” ಎಂದರು. ಮರಳು ಬೆಳ್ಳಗಾಯಿತು. ಬಸವಪ್ರಭು ಸ್ಟೂಲನ್ನು ತಾವೇ ಎತ್ತಿ ತಂದು ಭಟ್ಟಿಯ ಬಾಯಿಗೆ ಇಟ್ಟರು.

“ನೀರು ತರ್ಲೇನ್ರಿ ಚಾಚಾ, ನೆನೆಸಾಕ?” ಎಂದು ಬಿಸಿ ಮಂಡಕ್ಕಿಯ ಪುಟ್ಟಿಯನ್ನು ಮುಂದೆ ಹಿಡಿದರು.

ಕುತುಬುದ್ದೀನರು ಪುಟ್ಟಿಗೆ ಕೈ ಹಾಕಿದರು. ಒಣ ಮಂಡಕ್ಕಿಯನ್ನು ಎಡಕ್ಕೆರಡು, ಬಲಕ್ಕೆರಡು ಇಟ್ಟುಕೊಂಡು ಅಗಿಯತೊಡಗಿದರು. ಹೊಗೆ ಅವರ ಸುತ್ತ ಇಳಿಯಿತು. ಮುಚ್ಚಿದ ಕಣ್ಣಿನ ಆ ಮುಖದಲ್ಲಿ, ನಗುವುದಕ್ಕೆಂದೇ ಇದ್ದ ಮುಂದಿನ ಹಲ್ಲುಗಳು ಕಾಣಿಸಿಕೊಂಡವು.